ಆಯಿಯ ಹಿತ್ತಲು, ಎರಡು ಮನೆಯ ಬಾವಿ

ಯುಗಾದಿಯ ಬೇವು ಕುಡಿದು ಮೂರು ದಿನ ಕಳೆಯುವುದರೊಳಗೆ ಆಯಿ ಕಚ್ಚೆ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಿಗೆ ಇಳಿಯುತ್ತಿದ್ದಳು. ಅಲ್ಲಿಂದ ಮುಂದೆ ಮಳೆ ಹಿಡಿಯುವ ತನಕ ಮನೆಯಲ್ಲಿ ಅವಳದೇ ಕಾರಭಾರು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಸುಳ್ಳ ಎಂಬ ಹಳ್ಳಿಯಲ್ಲಿ ಹೊಲಮನೆ ಮಾಡಿಕೊಂಡಿದ್ದವಳು, ಅಜ್ಜ ತೀರಿಕೊಂಡ ಮೇಲೆ ಹುಬ್ಬಳ್ಳಿಗೆ ಮಗನ ಮನೆಗೆ ಬಂದಿದ್ದಳು. ಬರುವಾಗ ಒಂದು ಗುದ್ದಲಿ, ಕಳೆ ಕೀಳುವ ಒಂದು ಕುರ್ಪಿ, ಬೀಜ ತುಂಬಿದ ಒಂದು ಒಣ ಸೋರೆಬುರುಡೆ, ಇಷ್ಟೇ ತಂದಿದ್ದಳೆಂದು ಅವ್ವ ನಗುತ್ತ ಹೇಳುತ್ತಿದ್ದಳು. ಕಮರಿಪೇಟೆಯ ನಮ್ಮ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕೆ ಇತ್ತು. ಮುಂದೆ ಪಡಸಾಲೆ, ಆಮೇಲೆ ಅಡಿಗೆಮನೆ, ಅದರ ಬೆನ್ನಿಗೆ ಬಚ್ಚಲು, ಬಚ್ಚಲು ದಾಟಿದರೆ ಹಿತ್ತಲು. ನಾಲ್ಕು ಎಮ್ಮೆ ಕಟ್ಟಬಹುದಾದಷ್ಟು ಜಾಗ ಅದು. ಆದರೆ ಆಯಿ ಅದನ್ನು ಯಾವತ್ತೂ ಹಿತ್ತಲು ಎನ್ನಲಿಲ್ಲ, ಹೊಲ ಎಂದೇ ಕರೆದಳು. "ಹೊಲಕ್ಕ ಹೋಗಿ ಬರ್ತೇನಿ" ಎಂದು ಹೇಳಿ ಬಚ್ಚಲ ಬಾಗಿಲು ದಾಟುತ್ತಿದ್ದಳು.

ಬೇಸಿಗೆಯಲ್ಲಿ ನಮಗೆ ಮುಂಜಾನೆ ಸಾಲಿ. ಹನ್ನೊಂದರ ಹೊತ್ತಿಗೆಲ್ಲ ನಾನು ಮನೆಗೆ ಓಡಿಬಂದು, ಪಾಟಿಯನ್ನು ಮೂಲೆಗೆ ಎಸೆದು, ರೊಟ್ಟಿಯ ಮೇಲೆ ಝುಣಕ ಹಾಕಿಸಿಕೊಂಡು ತಿನ್ನುತ್ತಲೇ ಹಿತ್ತಲಿಗೆ ಹೋಗುತ್ತಿದ್ದೆ. ನಮ್ಮದು ಎರೆಮಣ್ಣು. ಚೈತ್ರದ ಬಿಸಿಲಿಗೆ ಅದು ಬಿರುಕು ಬಿಟ್ಟಾಗ ನನ್ನ ಅಂಗೈ ಅಡ್ಡಲಾಗಿ ಒಳಗೆ ಹೋಗುತ್ತಿತ್ತು. ಆಯಿ ಗುದ್ದಲಿಯಿಂದ ಹೆಂಟೆ ಎಬ್ಬಿಸುವಳು, ನಾನು ಅದನ್ನು ಮಗ್ಗುಲು ತಿರುಗಿಸಿ ಬಿಸಿಲಿಗೆ ಇಡುವವಳು. ವರ್ಷವಿಡೀ ಕೂಡಿಟ್ಟ ಒಲೆಯ ಬೂದಿ, ಸೆಗಣಿ ಗೊಬ್ಬರ ಮಡಿಗಳಿಗೆ ಬೀಳಬೇಕು. ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗುವ ಕಾಲುವೆಯನ್ನು ಕೆತ್ತಬೇಕು. ದುಂಡುಮಲ್ಲಿಗೆಯ ಒಣಗಿದ ಕಡ್ಡಿ ಸವರಬೇಕು. ಕಳೆದ ವರ್ಷದ ಹಂದರ ಬಿಚ್ಚಿ, ಗೆದ್ದಲು ಹಿಡಿದ ಗಳ ಬೇರೆ, ಗಟ್ಟಿ ಗಳ ಬೇರೆ ಮಾಡಬೇಕು. ಕೊನೆಗೆ ಸೋರೆಬುರುಡೆಯ ಬೀಜವನ್ನು ನೀರಿನ ಬೋಗುಣಿಗೆ ಸುರಿಯುವ ಹೊತ್ತು ಬರುತ್ತಿತ್ತು. ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ. ಉಸಿರು ಹಿಡಿದು ನೋಡುತ್ತಿದ್ದೆ. ಒಂದೊಂದು ಹೀರೆಬೀಜ ತಳಕ್ಕೆ ಹೋದಾಗಲೂ ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿ. ಅಕ್ಷತದಿಗೆ, ಅಂದರೆ ಅಕ್ಷಯ ತದಿಗೆಯ ದಿನ ಬೀಜ ಊರಬೇಕು, ಅದು ಆಯಿಯ ಕಟ್ಟು. ಅಂದು ಊರಿದರೆ ಮಳೆ ಬರುವಷ್ಟರಲ್ಲಿ ಬಳ್ಳಿ ಹಂದರ ಹತ್ತಿರುತ್ತದೆ, ಮಳೆಗಾಲವೆಲ್ಲ ಮನೆಗೆ ಕಾಯಿಪಲ್ಯದ ಚಿಂತೆ ಇಲ್ಲ.

ಎಲ್ಲ ಬಾವಿಯ ಮೇಲೆ ನಿಂತಿತ್ತು. ಆ ಬಾವಿ ನಮ್ಮದೊಂದೇ ಮನೆಯದಲ್ಲ. ಪಕ್ಕದ ಮನೆಯ ಹುಸೇನ ಕಾಕಾ ತಾಮ್ರದ ಪಾತ್ರೆಗಳಿಗೆ ಕಲಾಯಿ ಮಾಡುವವ. ಅವನ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಇದ್ದ ಗೋಡೆ ಸರಿಯಾಗಿ ಬಾವಿಯ ನೆತ್ತಿಯ ಮೇಲೆ ಒಂದು ಕಲ್ಲಿನ ತೊಲೆಯ ಮೇಲೆ ಹಾಯ್ದುಹೋಗಿತ್ತು. ಅರ್ಧ ಬಾಯಿ ಅವರ ಕಡೆ, ಅರ್ಧ ನಮ್ಮ ಕಡೆ. ಆಚೆ ಒಂದು ರಾಟೆ, ಈಚೆ ಒಂದು ರಾಟೆ. ನೀರು ತುಸು ಸವಳು, ಕುಡಿಯುವುದಕ್ಕೆ ಬರುತ್ತಿರಲಿಲ್ಲ. ಆದರೆ ಬಳಸುವುದಕ್ಕೆ, ಗಿಡಕ್ಕೆ ಅದೇ ಆಧಾರ. ಬಾವಿಯ ಪಕ್ಕ ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿತ್ತು. ಒಂದು ಕಾಲಕ್ಕೆ ಅದು ಹಗಲೆಲ್ಲ ತೆರೆದೇ ಇರುತ್ತಿತ್ತು. ನನ್ನ ಕಥೆಯ ವರ್ಷಕ್ಕೆ ಅದು ಮುಚ್ಚಿ ಎರಡು ಬೇಸಿಗೆ ಕಳೆದಿದ್ದವು. ಕಾಕಾನ ಹೆಂಡತಿ ಮಾಬೂಬಿ ಚಾಚಿಯ ಕೋಳಿ ಆಯಿಯ ಮಡಿಗೆ ನುಗ್ಗಿ, ಆಗಷ್ಟೇ ಕಣ್ಣು ಬಿಟ್ಟಿದ್ದ ಹೀರೆ ಸಸಿಗಳನ್ನೆಲ್ಲ ಕೆದರಿಹಾಕಿತ್ತು. ಆಯಿ ಸಿಟ್ಟಿನಲ್ಲಿ ಎಸೆದ ಸೆಗಣಿಯ ಕುಳ್ಳು ಕೋಳಿಯ ಕಾಲಿಗೆ ಬಡಿದು ಅದು ಕುಂಟತೊಡಗಿತು. "ಒಂದು ಕೋಳಿಗೆ ಇಷ್ಟು ಮಾತೇ" ಎಂದು ಆಯಿ, "ಒಂದು ಸಸಿಗೆ ಒಂದು ಕಾಲೇ" ಎಂದು ಚಾಚಿ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ಹೇಳಲೇಬೇಕಾದದ್ದು ಬಂದರೆ ತಂತಮ್ಮ ಕೊಡಕ್ಕೆ ಹೇಳುತ್ತಿದ್ದರು.

ಆ ವರ್ಷ ಯುಗಾದಿಯ ಹೊತ್ತಿಗೇ ಬಾವಿ ಕೈ ಕೊಟ್ಟಿತು. ಮುಂಜಾನೆ ನಾಲ್ಕು ಕೊಡ ನೀರು, ಐದನೆಯದಕ್ಕೆ ರಾಡಿ. ಅಕ್ಷತದಿಗೆಗೆ ಹತ್ತು ದಿನ ಉಳಿದಾಗ ಮೊದಲನೆಯ ಕೊಡದಲ್ಲೇ ರಾಡಿ ಬಂತು. ಆಯಿ ಆ ಕೊಡವನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಅದರ ಮುಖ ನೋಡುತ್ತ ಗಟ್ಟಿ ದನಿಯಲ್ಲಿ ಹೇಳಿದಳು:

"ಏ ಕೊಡಾ, ನಿನಗ ನೀರ ಬೇಕಂದ್ರ ಬಾವೀ ರಾಡಿ ತಗೀಬೇಕು. ಒಬ್ಬರ ಕೈಲೆ ಆಗೂ ಕೆಲಸ ಅಲ್ಲ ಅದು. ಕೇಳಿಸ್ತೇನು?"

ಗೋಡೆಯಾಚೆ ಬಳೆಯ ಸದ್ದು ನಿಂತಿತು. ತುಸು ಹೊತ್ತಿಗೆ ಚಾಚಿಯ ದನಿ ಬಂತು:

"ಏ ಬಿಂದಗೀ, ನಮ್ಮ ಮನ್ಯಾಗೂ ಅಡಗೀ ಆಗಬೇಕು, ಅರಬಿ ಒಗೀಬೇಕು. ಮಂಗಳವಾರ ನಮ್ಮವರು ಊರೂರು ತಿರುಗಾಕ ಹೋಗೂದಿಲ್ಲ. ಯಾರರೆ ಕೇಳಿದ್ರ ಇಳೀತಾರ ಅಂತ ಹೇಳು."

"ಕೇಳಾಕತ್ತೇನಿ ಅಂತ ಹೇಳು" ಎಂದಳು ಆಯಿ, ಕೊಡಕ್ಕೆ.

ಅವ್ವ ಅಡಿಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ, ಮೈಯೆಲ್ಲ ಕುಣಿಯುತ್ತಿತ್ತು. ಬಾವಿಯ ತಳ ಹೇಗಿದೆಯೆಂದು ಯಾರೂ ನೋಡಿರಲಿಲ್ಲ, ಮಂಗಳವಾರ ಅದು ಕಾಣಲಿತ್ತು.

ಮಂಗಳವಾರ ಅಪ್ಪ, ಕೆಲಸದ ಹೊತ್ತು ಸಾರುವ ಭೋಂಗಾ ಕೂಗುವ ಮೊದಲೇ ರೈಲ್ವೆ ವರ್ಕ್‌ಶಾಪಿಗೆ ಹೋಗಿದ್ದ. ಅಲ್ಲಿ ಕಬ್ಬಿಣ ಕಾಯಿಸುವ ಕೆಲಸ ಅವನದು. ಬಾವಿಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ, ಯಾಕೆ ಹೇಳಲಿಲ್ಲವೆಂದು ನನಗೆ ಆಗ ತಿಳಿಯಲಿಲ್ಲ. ನಾನು ಅಂದು ಸಾಲಿಗೆ ಹೋಗುವುದಿಲ್ಲವೆಂದು ಹಟ ಹಿಡಿದು ಗೆದ್ದಿದ್ದೆ. ಹುಸೇನ ಕಾಕಾ ಮೊದಲು ತನ್ನ ಕಡೆಯಿಂದ ಕಂದೀಲು ಹೊತ್ತಿಸಿ ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟ. ತಳದಲ್ಲಿ ಕೆಟ್ಟ ಗಾಳಿ ಇದ್ದರೆ ದೀಪ ಆರಿಹೋಗುತ್ತದೆ, ಆಗ ಯಾರೂ ಇಳಿಯಬಾರದು. ನಾವೆಲ್ಲ ಕಟ್ಟೆಗೆ ಹೊಟ್ಟೆ ಹಚ್ಚಿ ಬಗ್ಗಿ ನೋಡಿದೆವು. ಐದಾಳು ಆಳದಲ್ಲಿ ಆ ದೀಪ ಜೋಳದ ಕಾಳಿನಷ್ಟು ಕಂಡಿತು. ಆರಲಿಲ್ಲ. ಕಾಕಾ ಬಾವಿಯ ಒಳಗೋಡೆಯ ಕಲ್ಲುಗಳಲ್ಲಿ ಕಾಲಿಡುತ್ತ ಇಳಿದ. ಆಮೇಲೆ ಬುಟ್ಟಿಯ ಮೇಲೆ ಬುಟ್ಟಿ ರಾಡಿ ಬಂತು. ಕಪ್ಪಗೆ, ಎಣ್ಣೆಯ ಹಾಗೆ ಹೊಳೆಯುವ, ಮೂಗು ಮುಚ್ಚಿಕೊಳ್ಳುವಂಥ ರಾಡಿ. ಆಚೆ ರಾಟೆಯಲ್ಲಿ ಚಾಚಿ ಎಳೆದಳು, ಈಚೆ ರಾಟೆಯಲ್ಲಿ ಅವ್ವ ಎಳೆದಳು. ನಾನು ಬುಟ್ಟಿ ಹೊತ್ತು ಮಡಿಯಿಂದ ಮಡಿಗೆ ಓಡಿದೆ. ಆಯಿ ಎರಡೂ ಕೈಯಿಂದ ಅದನ್ನು ಮಡಿಗಳ ಮೇಲೆ ಹರವುತ್ತ ಹುಚ್ಚಿಯ ಹಾಗೆ ಹಿಗ್ಗಿದಳು.

"ಬಂಗಾರ ಇದು, ಬಂಗಾರ! ಒಂದ ಹನಿ ಚೆಲ್ಲಬ್ಯಾಡ ಸುಂದ್ರೀ! ಆ ಬದನೀ ಮಡಿಗೆ ಇನ್ನೊಂದು ಬುಟ್ಟಿ ತಾ!"

ನಡುಹಗಲಿಗೆ ರಾಡಿ ಮುಗಿದು ಬಂಡೆ ಸಿಕ್ಕಿತು. ಆದರೆ ನೀರು ಬರಲಿಲ್ಲ. ಬಂಡೆ ಬೆವರಿದ ಹಾಗೆ ಒದ್ದೆಯಾಗಿತ್ತು, ಅಷ್ಟೇ. ಕೆಳಗಿನಿಂದ ಕಾಕಾನ ದನಿ ಗುಂಯ್ಗುಟ್ಟಿತು:

"ಆಯೀ, ಸೆಲಿ ಬರೂ ಬಾಯಿ ಸಿಕ್ಕೈತ್ರಿ. ಬಂಡೀಯೊಳಗ ಒಂದು ಸಂದಿ ಐತಿ, ಒಳಗ ಏನೋ ಜಡದು ಕುಂತೈತಿ. ನನ್ನ ಹೆಗಲು ಹಿಡೀವಲ್ದು."

"ಹಾರೀಲೆ ತಿವಿದು ನೋಡೋ!" ಎಂದು ಆಯಿ ಕೂಗಿದಳು.

"ತಿವಿದ್ರ ಇನ್ನೂ ಒಳಗ ಹೋಗ್ತೈತ್ರಿ. ಕೈ ಹಾಕಿ ಹೊರಗ ಎಳೀಬೇಕು. ಸಣ್ಣ ಮೈ ಬೇಕ್ರಿ ಇದಕ್ಕ."

ಅವ್ವ ನನ್ನನ್ನು ನೋಡಿ ತಟ್ಟನೆ ಮುಖ ಆಚೆ ತಿರುಗಿಸಿದಳು. ಆಗ ನಾನೇ ಹೇಳಿದೆ:

"ಆಯೀ, ನಾ ಇಳೀತೇನಿ."

"ಬಾಯಿ ಮುಚ್ಚು" ಎಂದಳು ಅವ್ವ. "ಒಂಬತ್ತು ವರ್ಷದ ಹುಡಿಗಿ. ಏನರೆ ಆದ್ರ ನಿಮ್ಮಪ್ಪಗ ನಾ ಏನ ಹೇಳಲಿ? ಈ ವರ್ಷ ಹೀರೀಕಾಯಿ ತಿನ್ನದಿದ್ರ ಸಾಯೂದಿಲ್ಲ ನಾವು. ಬ್ಯಾಡ್ರಿ ಅತ್ತೀ."

ಆಯಿ ರಾಡಿ ಮೆತ್ತಿದ ಕೈಯನ್ನೂ ತೊಳೆಯದೆ ನನ್ನೆದುರು ಕುಕ್ಕರುಗಾಲಿನಲ್ಲಿ ಕೂತು ನನ್ನ ಮುಖವನ್ನೇ ನೋಡಿದಳು. ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದಕ್ಕೂ ಮುಂಚೆ ನನಗೆ ನೆನಪಿಲ್ಲ.

"ಅಂಜಿಕಿ ಆಗ್ತದೇನು?"

"ಆಗ್ತದ. ಆದ್ರೂ ಇಳೀತೇನಿ."

"ಹಂಗಾರ ಆತು. ಅಂಜಿಕಿ ಇಲ್ಲ ಅಂದಿದ್ರ ನಾ ಬಿಡ್ತಿದ್ದಿಲ್ಲ."

ಹೊಸ ಹಗ್ಗ ತರಿಸಿದಳು. ಅದನ್ನು ಕಂಕುಳ ಕೆಳಗೆ ಎರಡು ಸುತ್ತು ಸುತ್ತಿ, ಹೆಗಲ ಮೇಲೆ ದಾಟಿಸಿ, ಎದೆಯ ಮೇಲೆ ಗಂಟು ಹಾಕಿದಳು. ಎಳೆದು ನೋಡಿದಳು. ಬಿಚ್ಚಿ ಮತ್ತೆ ಹಾಕಿದಳು. ಮೂರು ಸಲ. ಅಷ್ಟರಲ್ಲಿ ಗೋಡೆಯ ಸಣ್ಣ ಬಾಗಿಲ ಅಗುಳಿ ಕಿರುಗುಟ್ಟಿತು. ಎರಡು ವರ್ಷದ ಧೂಳು ಉದುರಿಸಿಕೊಂಡು ಬಾಗಿಲು ತೆರೆಯಿತು. ಮಾಬೂಬಿ ಚಾಚಿ ಬಗ್ಗಿ ಈಚೆ ಬಂದಳು. ಸೀದಾ ಬಂದು ಆಯಿಯ ಹಿಂದೆ ನಿಂತು ಹಗ್ಗಕ್ಕೆ ಕೈ ಹಚ್ಚಿದಳು. ಅವ್ವ ಅಳುತ್ತಲೇ ಮೂರನೆಯವಳಾಗಿ ಹಿಡಿದಳು. ಆಯಿ ತಿರುಗಿ ನೋಡದೆಯೇ ಹೇಳಿದಳು:

"ಮಾಬೂಬೀ, ಗಟ್ಟಿ ಹಿಡಿ."

"ಹಿಡದೇನ್ರಿ ಆಯೀ."

ಎರಡು ವರ್ಷದ ಮೇಲೆ ಅವರಿಬ್ಬರ ನಡುವೆ ಆಡಿದ ಮೊದಲ ಮಾತು ಅದು. ಕೊಡ ಬಿಂದಿಗೆ ಯಾವುದೂ ನಡುವೆ ಇರಲಿಲ್ಲ.

ಇಳಿಯುವಾಗ ಮೊದಲು ಕಾಲಿಗೆ ತಂಪು ಹತ್ತಿತು, ಆಮೇಲೆ ಹೊಟ್ಟೆಗೆ, ಆಮೇಲೆ ಮುಖಕ್ಕೆ. ಮೇಲಿನ ಬಿಸಿಲು ಒಂದು ತಟ್ಟೆಯಷ್ಟಾಯಿತು. ಕಲ್ಲಿನ ಸಂದಿಯಲ್ಲಿ ಗೂಡು ಕಟ್ಟಿದ್ದ ಪಾರಿವಾಳವೊಂದು ಪಟಪಟ ರೆಕ್ಕೆ ಬಡಿದು ನನ್ನ ಕಿವಿಯ ಹತ್ತಿರವೇ ಹಾರಿಹೋಯಿತು. ನಾನು ಚೀರಿದೆ, ಆಮೇಲೆ ನನ್ನ ಚೀರುವಿಕೆ ನಾಲ್ಕೂ ಕಡೆಯಿಂದ ತಿರುಗಿ ಬಂದದ್ದು ಕೇಳಿ ನಕ್ಕೆ. ಕೆಳಗೆ ಕಾಕಾ ನನ್ನನ್ನು ಎರಡೂ ಕೈಯಿಂದ ಎತ್ತಿಕೊಂಡು ಇಳಿಸಿದ. ಅವನ ಗಡ್ಡದ ತುಂಬ ರಾಡಿ. ಕಂದೀಲು ಹಿಡಿದು ತೋರಿಸಿದ. ಬಂಡೆಯ ಬುಡದಲ್ಲಿ ಅಡ್ಡಕ್ಕೆ ಸೀಳಿದ ಒಂದು ಬಾಯಿ. ನಮ್ಮ ಒಲೆಯ ಬಾಯಷ್ಟೇ ದೊಡ್ಡದು.

"ನಾ ನಿನ್ನ ಕಾಲು ಹಿಡಕೊಂಡಿರ್ತೇನಿ ಬೇಟಾ. ಸಾಕು ಅನಿಸಿದ್ರ ಕಾಲು ಝಾಡಿಸು, ಹೊರಗ ಎಳೀತೇನಿ."

ಹೊಟ್ಟೆಯ ಮೇಲೆ ಮಲಗಿ ಒಳಗೆ ತೂರಿದೆ. ಸೊಂಟದ ತನಕ ಹೋಯಿತು ಮೈ. ಕತ್ತಲೆ. ನನ್ನ ಉಸಿರೇ ನನ್ನ ಮುಖಕ್ಕೆ ಬಡಿಯುತ್ತಿತ್ತು. ಕೈಗೆ ಮೊದಲು ಸಿಕ್ಕಿದ್ದು ತೆಂಗಿನ ನಾರಿನ ಒಂದು ಉಂಡೆ, ಹಳೆಯ ಹಗ್ಗ ಕೊಳೆತು ಆದದ್ದು. ಅದನ್ನು ಹಿಂದಕ್ಕೆ ತಳ್ಳಿದೆ. ಆಮೇಲೆ ಗಡಿಗೆಯ ಚೂರು, ಒಂದು ಕಬ್ಬಿಣದ ಕೊಂಡಿ, ಮುಷ್ಟಿಯಷ್ಟು ಗಾತ್ರದ ಕಲ್ಲುಗಳು. ಒಂದೊಂದನ್ನೂ ತೆಗೆದು ಹೊಟ್ಟೆಯ ಕೆಳಗಿನಿಂದ ಜಾರಿಸಿದರೆ ಕಾಕಾ ಹಿಂದಿನಿಂದ ಎಳೆದುಕೊಳ್ಳುತ್ತಿದ್ದ. ಎಷ್ಟು ಹೊತ್ತು ಮಾಡಿದೆನೋ ತಿಳಿಯದು. ಉಗುರು ಕಿತ್ತು ರಕ್ತ ಬಂದದ್ದು ಮೇಲೆ ಬಂದ ಮೇಲೆಯೇ ಗೊತ್ತಾದದ್ದು. ಕೊನೆಗೆ ರೊಟ್ಟಿಯಂಥ ಒಂದು ಚಪ್ಪಟೆ ಕಲ್ಲು ಕೈಗೆ ಹತ್ತಿತು. ಅದರ ಅಂಚಿಗೆ ಬೆರಳು ಸಿಕ್ಕಿಸಿದಾಗ ಕಲ್ಲಿನ ಹಿಂದೆ ಏನೋ ಮಿಡಿದಂತಾಯಿತು. ಕಿವಿ ಹಚ್ಚಿ ಕೇಳಿದೆ. ಗುಳುಗುಳು. ನನ್ನ ಎದೆ ಹಾರಿತು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕಲ್ಲನ್ನು ಅಲ್ಲಾಡಿಸಿದೆ, ಒಮ್ಮೆ, ಎರಡು ಸಲ, ಮೂರನೆಯ ಸಲಕ್ಕೆ ಅದು ಕಿತ್ತು ಬಂತು. ಅದರ ಹಿಂದೆಯೇ ನೀರು ನುಗ್ಗಿ ನನ್ನ ಮುಖಕ್ಕೆ, ಬಾಯಿಗೆ, ಮೂಗಿಗೆ ಹೊಡೆಯಿತು.

ಕಾಲು ಝಾಡಿಸಿದೆನಂತೆ. ಕಾಕಾ ಒಂದೇ ಸೆಳೆತಕ್ಕೆ ನನ್ನನ್ನು ಹೊರಗೆ ಎಳೆದ. ಆ ಗದ್ದಲದಲ್ಲಿ ಕಂದೀಲು ಉರುಳಿ ಆರಿತು. ನಾನು ಬಾಯಿ ತುಂಬ ನೀರು ಇಟ್ಟುಕೊಂಡೇ ಕಿರುಚಿದೆ. ಮೇಲಿನವರಿಗೆ ಕಂಡದ್ದು ದೀಪ ಆರಿದ್ದು, ಕೇಳಿದ್ದು ನನ್ನ ಕಿರುಚಾಟ. ಮೂವರು ಹೆಂಗಸರೂ ಹಗ್ಗವನ್ನು ಎಷ್ಟು ಜೋರಾಗಿ ಎಳೆದರೆಂದರೆ ನಾನು ಗಾಳಿಯಲ್ಲಿ ಗರಗರ ತಿರುಗುತ್ತ ಮೇಲೆ ಹಾರಿದೆ. ಅರ್ಧ ದಾರಿಯಲ್ಲಿ ನನಗೆ ಮಾತು ಬಂತು.

"ನೀರ ಬಂತೂ! ಆಯೀ, ನೀರ ಬಂತೂ!"

ಕಟ್ಟೆಯ ಮೇಲೆ ನನ್ನನ್ನು ಮೊದಲು ತಬ್ಬಿಕೊಂಡವಳು ಚಾಚಿ. ನನ್ನ ಮುಖದ ರಾಡಿ ಅವಳ ಗಲ್ಲಕ್ಕೆ ಹತ್ತಿತು. ಅವ್ವ ಹೊಡೆದಳು, ಆಮೇಲೆ ಅಪ್ಪಿಕೊಂಡಳು, ಮತ್ತೆ ಹೊಡೆದಳು. ಆಯಿ ಮಾತ್ರ ಹಗ್ಗವನ್ನು ಬಿಡದೆ ಅಲ್ಲೇ ಕುಸಿದು ಕೂತಿದ್ದಳು. ಅಂಗೈ ಎರಡೂ ಸುಲಿದಿದ್ದವು. ಕಾಕಾ ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಳಗಿನಿಂದ ನಗುತ್ತಿದ್ದ. ಸಂಜೆಗೆ ನೀರು ಎದೆಯುದ್ದ ಏರಿತು.

ಅಪ್ಪ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ನಾನು ಬಾಗಿಲಲ್ಲೇ ಕಾದಿದ್ದು, ಅವನು ಚಪ್ಪಲಿ ಬಿಡುವುದರೊಳಗೆ ಎಲ್ಲ ಒದರಿಬಿಟ್ಟೆ, ಪಾರಿವಾಳವನ್ನೂ ಸೇರಿಸಿ. ಅವನು ಹೊಗಳುತ್ತಾನೆಂದು ನಾನು ತಿಳಿದಿದ್ದೆ. ಅವನ ಮುಖ ಬಿಳಿಚಿತು. ಊಟಕ್ಕೆ ಕೂತವನು ರೊಟ್ಟಿ ಮುರಿಯಲಿಲ್ಲ. ಆಯಿಯ ಕಡೆ ನೋಡದೆ, ತಾಟನ್ನೇ ನೋಡುತ್ತ ಕೇಳಿದ:

"ಒಬ್ಬಾಕೀನ ಬಾವಿಗೆ ಕೊಟ್ಟದ್ದು ಸಾಲಲಿಲ್ಲೇನು, ಅವ್ವಾ?"

ಅಡಿಗೆಮನೆಯಲ್ಲಿ ಅವ್ವನ ಕೈಯ ಸೌಟು ನಿಂತಿತು. ಅಪ್ಪನಿಗೆ ಒಬ್ಬ ತಂಗಿಯಿದ್ದಳೆಂದು ನಾನು ಕೇಳಿದ್ದು ಅಂದೇ. ಚನ್ನವ್ವ ಅವಳ ಹೆಸರು. ಸುಳ್ಳದ ಹೊಲದ ಬಾವಿಯಲ್ಲಿ, ಗಿಡಕ್ಕೆ ನೀರು ತರಲು ಹೋಗಿ, ಕಾಲು ಜಾರಿ ಬಿದ್ದು ತೀರಿಕೊಂಡಿದ್ದಳು. ಆಗ ಅವಳಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ಅಪ್ಪ ಆಗ ಅವಳ ಜೊತೆಗಿದ್ದ.

ಆಯಿ ಅರಿಷಿಣ ಹಚ್ಚಿದ್ದ ಎರಡೂ ಅಂಗೈಗಳನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಹೇಳಿದಳು:

"ಆಕೀಗೆ ಯಾರೂ ಹಗ್ಗ ಕಟ್ಟಿರಲಿಲ್ಲೋ ಮಗನ. ಈಕೀಗೆ ನಾ ಕಟ್ಟಿದ್ದೆ. ನಾನ ಹಿಡಿದಿದ್ದೆ. ಬಾವೀಗೆ ಅಂಜಿ ಎಷ್ಟ ವರ್ಷ ಬದಕೂದು? ಈಕಿ ಅಂಜಕೋತ ಬೆಳೀಬಾರದು."

ಅಪ್ಪ ತಾಟು ಬಿಟ್ಟು ಎದ್ದು ಪಡಸಾಲೆಗೆ ಹೋದ. ಆಯಿಯೂ ಉಣ್ಣಲಿಲ್ಲ. ಹೊಟ್ಟೆ ತುಂಬ ಉಂಡವಳು ನಾನೊಬ್ಬಳೇ, ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಆಯಿ ಮಾಡಿದ್ದು ಸರಿಯೋ ತಪ್ಪೋ ನಾನು ಇಂದಿಗೂ ತೀರ್ಮಾನ ಮಾಡಿಲ್ಲ. ನನ್ನ ಮೊಮ್ಮಗಳನ್ನು ನಾನು ಹಾಗೆ ಇಳಿಸುತ್ತಿದ್ದೆನೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕು. ಆದರೆ ಮುಂದೆ ಹೆದರಿಕೆಯಾದಾಗಲೆಲ್ಲ, ಹೆದರಿಕೊಂಡೇ ಮುಂದೆ ಹೆಜ್ಜೆ ಇಡಬಹುದೆಂದು ನನಗೆ ಗೊತ್ತಿತ್ತು. ಅದು ಗೊತ್ತಾದದ್ದು ಆ ಮಂಗಳವಾರ.

ಮರುದಿನ ಮುಂಜಾನೆ ರಾಟೆಯ ಸದ್ದಿಗೆ ಎಚ್ಚರವಾಯಿತು. ಅವ್ವ ಒಲೆಯ ಮುಂದಿದ್ದಳು, ಆಯಿ ಕಸ ಗುಡಿಸುತ್ತಿದ್ದಳು. ಹಾಗಾದರೆ ನೀರು ಸೇದುವವರು ಯಾರೆಂದು ಹಿತ್ತಲಿಗೆ ಓಡಿದೆ. ಅಪ್ಪ ಕಟ್ಟೆಯ ಮೇಲೆ ಕೈಯೂರಿ ಬಾವಿಯೊಳಗೆ ನೋಡುತ್ತ ನಿಂತಿದ್ದ. ಪಕ್ಕದಲ್ಲಿ ಎರಡು ಕೊಡ ತುಂಬಿದ್ದವು. ಅವನು ನೀರು ಸೇದಿದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ನನ್ನ ಕಾಲ ಸಪ್ಪಳ ಕೇಳಿ ತಿರುಗಿ, ಏನೂ ಆಗದವನ ಹಾಗೆ ಕೇಳಿದ:

"ಯಾವ ಮಡಿಗೆ ಹಾಕಬೇಕು? ಹೇಳು ಲಗೂನ, ಭೋಂಗಾ ಆಗೂ ಹೊತ್ತಾತು."

"ಬದನೀ ಮಡಿಗೆ, ಅಪ್ಪಾ! ಹಂಗ ಒಮ್ಮೆಲೆ ಸುರವಬ್ಯಾಡ, ಮಣ್ಣು ಕೊಚ್ಚಿ ಹೋಗ್ತದ. ಅಂಗೈ ಅಡ್ಡ ಹಿಡಿ!"

ಕಬ್ಬಿಣ ಬಡಿಯುವ ಆ ದೊಡ್ಡ ಅಂಗೈಯನ್ನು ಅಡ್ಡ ಹಿಡಿದು ಅವನು ನಾನು ಹೇಳಿದ ಹಾಗೇ ಹಾಕಿದ. ಆಮೇಲೆ ಅಕ್ಷತದಿಗೆಯ ತನಕ ದಿನಾ ಮುಂಜಾನೆ ಎಂಟು ಕೊಡ ಅವನದು. ಆಯಿಯೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾತ್ರ, ಅವಳ ಅಂಗೈ ಹಿಡಿದು ಗಾಯ ಆರಿದೆಯೇ ಎಂದು ನೋಡಿ, ಸುಮ್ಮನೆ ಬಿಟ್ಟು ಹೋದ. ಆಯಿಗೆ ಅಷ್ಟೇ ಸಾಕಾಯಿತು.

ಅಕ್ಷತದಿಗೆಯ ದಿನ ಹಿತ್ತಲಿನಲ್ಲಿ ಜಾತ್ರೆಯಷ್ಟು ಸಡಗರ. ರಾಡಿ ಒಣಗಿ ಪುಡಿಯಾಗಿ ಮಡಿಗಳು ಕರ್ರಗೆ ಮೆತ್ತಗಾಗಿದ್ದವು, ಕಾಲಿಟ್ಟರೆ ಹೂತುಹೋಗುತ್ತಿತ್ತು. ಆಯಿ ಕುರ್ಪಿಯಿಂದ ಗುಣಿ ತೋಡಿದಳು, ನಾನು ಒಂದೊಂದು ಗುಣಿಗೆ ಎರಡೆರಡು ಬೀಜ, ಮೂತಿ ಕೆಳಗೆ ಮಾಡಿ ಊರಿದೆ. ಹೀರೆ, ಹಾಗಲ, ಬೆಂಡೆ. ಮೂಲೆಯಲ್ಲಿ ಪುಂಡಿಪಲ್ಯದ ಬೀಜ ಎರಚಿದೆವು. ಸಣ್ಣ ಬಾಗಿಲಿನಿಂದ ಚಾಚಿ ಬಂದು ಸೆರಗಿನ ಗಂಟು ಬಿಚ್ಚಿ ಆಯಿಯ ಕೈಗೆ ಏಳು ಕುಂಬಳಬೀಜ ಹಾಕಿದಳು.

"ನಮ್ಮ ತವರಿಂದ ತಂದದ್ದು ಐತ್ರಿ. ನಮ್ಮ ಕಡೆ ಬರೇ ಕಲ್ಲು. ನಿಮ್ಮ ಮಣ್ಣಿಗೆ ಹಾಕ್ರಿ, ಬಳ್ಳಿ ಗ್ವಾಡಿ ಮ್ಯಾಲೆ ಹಬ್ಬಿಸೂಣು."

"ಹಾಕೂಣು. ಆ ನಿನ್ನ ಕೋಳಿ?"

"ಕಟ್ಟೇನ್ರಿ ಆಯೀ. ಸಸಿ ಮೊಳಕಾಲುದ್ದ ಆಗೂ ತನಕ ಬಿಡೂದಿಲ್ಲ."

"ಪಾಪ, ಹಗಲೆಲ್ಲ ಕಟ್ಟಬ್ಯಾಡ" ಎಂದಳು ಆಯಿ. "ಜಾಲೀಕಂಟಿ ತಂದು ಮಡೀ ಸುತ್ತ ಹಚ್ಚೂಣು."

ಅಪ್ಪನೂ ಹುಸೇನ ಕಾಕಾನೂ ಒಂದು ರಜೆಯ ದಿನ ಕೂಡಿ ಹಂದರ ಕಟ್ಟಿದರು. ಯಾವ ಗಳ ಎಲ್ಲಿ ನೆಡಬೇಕೆಂದು ಇಬ್ಬರೂ ವಾದ ಮಾಡಿ, ಕೊನೆಗೆ ಆಯಿ ಹೇಳಿದಲ್ಲೇ ನೆಟ್ಟರು. ಬೀಜಗಳು ಆರನೆಯ ದಿನ ಕತ್ತು ಬಗ್ಗಿಸಿಕೊಂಡು ಮೇಲೆ ಬಂದವು. ಮೊದಲ ಮಳೆ ಬೀಳುವಾಗ ಹೀರೆಬಳ್ಳಿ ಹಂದರದ ನೆತ್ತಿಯಲ್ಲಿತ್ತು, ಕುಂಬಳದ ಬಳ್ಳಿ ಗೋಡೆ ಏರಿ ಆಚೆಗೊಂದು ಕವಲು ಈಚೆಗೊಂದು ಕವಲು ಬಿಟ್ಟಿತ್ತು. ನಾನು ಸಾಲಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಎಲೆ ಎತ್ತಿ ಎತ್ತಿ ನೋಡುತ್ತಿದ್ದೆ. ಒಂದು ಮುಂಜಾನೆ, ಮಳೆ ನಿಂತು ಹನಿ ತೊಟ್ಟಿಕ್ಕುತ್ತಿದ್ದಾಗ, ಗೋಡೆಯ ಮೇಲಿನ ದೊಡ್ಡ ಎಲೆಯ ಕೆಳಗೆ ಅದು ಕಂಡಿತು. ಬಾಡಿದ ಹಳದಿ ಹೂವನ್ನು ತುದಿಯಲ್ಲಿ ಕಚ್ಚಿಕೊಂಡು, ಗೋಲಿಯಷ್ಟು ದಪ್ಪದ, ನುಣ್ಣನೆಯ ಹಸಿರು ಮಿಡಿ.

"ಕಾಯಿ ಬಿಟ್ಟೈತಿ! ಎಲ್ಲಾರೂ ಬರ್ರಿ! ಅಲ್ನೋಡ್ರಿ!"

ನನ್ನ ಕೂಗಿಗೆ ಎರಡೂ ಮನೆಯವರು ಓಡಿಬಂದರು. ಅವ್ವನ ಕೈಯಲ್ಲಿ ರೊಟ್ಟಿ ಹಿಟ್ಟು, ಕಾಕಾನ ಕೈಯಲ್ಲಿ ಅರ್ಧ ತಿಕ್ಕಿದ ತಂಬಿಗೆ, ಅಪ್ಪ ವರ್ಕ್‌ಶಾಪಿನ ಅಂಗಿಗೆ ಗುಂಡಿ ಹಾಕುತ್ತಿದ್ದ. ನಾನು ತೋರುಬೆರಳು ಚಾಚಿದ್ದೆ. ಆಯಿ ಹಿಂದಿನಿಂದ ಬಂದು ಆ ಬೆರಳನ್ನು ತನ್ನ ಒರಟು ಕೈಯಿಂದ ಮೆಲ್ಲಗೆ ಮಡಿಚಿದಳು.

"ಮಿಡಿಗೆ ಬಟ್ಟು ಚಾಚಿ ತೋರಿಸಬಾರದು ಸುಂದ್ರೀ, ಕೊಳೀತದ. ಹಿಂಗ ಮಡಿಚಿ ತೋರಸ್ಬೇಕು."

ನಾನು ಬೆರಳು ಮಡಿಚಿ ತೋರಿಸಿದೆ. ಚಾಚಿಯೂ ಬೆರಳು ಮಡಿಚಿ ಕಾಕಾನಿಗೆ ತೋರಿಸಿದಳು, ಕಾಕಾ ಅಪ್ಪನಿಗೆ ತೋರಿಸಿದ. ಭೋಂಗಾ ಕೂಗಿತು. ಅಪ್ಪ ಕೇಳಿಸದವನ ಹಾಗೆ ಆಯಿಯ ಪಕ್ಕಕ್ಕೆ ಬಂದು ನಿಂತು, ತಾನೂ ಬೆರಳು ಮಡಿಚಿ ಎಲೆಯ ಕೆಳಗೆ ತೋರಿಸುತ್ತ ಹೇಳಿದ:

"ಅವ್ವಾ, ಅಲ್ಲೆ ಇನ್ನೊಂದು ಐತಿ ನೋಡು."